ಕಾಶಿಯಲ್ಲಿ ಬಿಟ್ಟ ತುತ್ತು

ಮಸ್ಕತ್ತಿನ ರೂವಿಯಲ್ಲಿ ನಾವಿದ್ದ ಕಟ್ಟಡದ ಮೆಟ್ಟಿಲಲ್ಲಿ ಸದಾ ಯಾರದಾದರೂ ಮನೆಯ ಮೀನು ಹುರಿಯುವ ವಾಸನೆ ತುಂಬಿರುತ್ತಿದ್ದ ಆ ಕಾಲದಲ್ಲಿ, ನನಗೆ ಹೇಸಿಗೆಯಾಗದ ವಸ್ತುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಹಾಲಿನ ಕೆನೆ ಕಂಡರೆ ಹೇಸಿಗೆ. ಬೇರೆಯವರು ಕುಡಿದ ಲೋಟ, ಬಸ್ಸಿನ ಕಂಬಿ, ಲಿಫ್ಟಿನ ಗುಂಡಿ, ಎಲ್ಲವೂ ಹೇಸಿಗೆ. ಶಾಲೆಯ ಚೀಲದಲ್ಲಿ ಪುಸ್ತಕ ಮರೆತರೂ ಒದ್ದೆ ಟಿಶ್ಯೂ ಪ್ಯಾಕೆಟ್ ಮರೆಯುತ್ತಿರಲಿಲ್ಲ. “ಇವಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕ್ಬೇಕು” ಎನ್ನುತ್ತಿದ್ದರು ಅಪ್ಪ. ಆಗ ನನಗೆ ಹತ್ತು ವರ್ಷ.

ಮನೆಯಲ್ಲಿ ನಾಲ್ಕು ಜನ. ಅಪ್ಪ ಕಾರಿನ ಬಿಡಿಭಾಗ ಮಾರುವ ಕಂಪನಿಯೊಂದರ ಆಫೀಸಿನಲ್ಲಿದ್ದರು. ಅಮ್ಮ ಕಟ್ಟಡದ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಳು. ಅಪ್ಪನ ಅಮ್ಮ, ಅಂದರೆ ನನ್ನ ಅಜ್ಜಿ, ಉಡುಪಿ ಕಡೆಯಿಂದ ಮಗನ ಜೊತೆ ಬಂದು ನನ್ನ ಕೋಣೆಯಲ್ಲೇ ಇರುತ್ತಿದ್ದಳು. ಅವಳು ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಒಂದು ಮೆಟ್ಟುಕತ್ತಿ ಸುತ್ತಿಕೊಂಡು ಬಂದಿದ್ದಳು. ಅದರ ಮೇಲೆ ಕಾಲಿಟ್ಟು ತರಕಾರಿ ಹೆಚ್ಚಿ ಹೆಚ್ಚಿ ಅವಳ ಹೆಬ್ಬೆರಳು ಕಪ್ಪಾಗಿತ್ತು, ಬಿರುಕುಗಳಲ್ಲಿ ಅರಸಿನ ಕೂತಿತ್ತು. ಎಷ್ಟು ಸಾಬೂನು ಹಾಕಿದರೂ ಅದು ಹೋಗುತ್ತಿರಲಿಲ್ಲ.

ಅಲ್ಲಿ ಶುಕ್ರವಾರ ರಜೆ, ಮಧ್ಯಾಹ್ನ ಎಲ್ಲರೂ ಒಟ್ಟಿಗೆ ನೆಲದ ಮೇಲೆ ಕೂತು ಊಟ. ಊಟದ ಕೊನೆಗೆ ಅಜ್ಜಿ ದೊಡ್ಡ ಸ್ಟೀಲಿನ ಬಟ್ಟಲಲ್ಲಿ ಉಳಿದ ಅನ್ನ ಸುರಿದು, ಮೊಸರೋ ಸಾಸಿವೆ ಅರೆದು ಮಾಡಿದ ಮಾವಿನ ಹಣ್ಣಿನ ಸಾಸಮೆಯೋ ಹಾಕಿ, ಅಂಗೈಯಿಂದ ಕಿವುಚಿ ಕಿವುಚಿ ಕಲಸುತ್ತಿದ್ದಳು. ಆಮೇಲೆ ಒಬ್ಬೊಬ್ಬರ ಅಂಗೈಗೂ ಒಂದೊಂದು ಉಂಡೆ. ಅಪ್ಪ ಅಷ್ಟು ದೊಡ್ಡ ಮನುಷ್ಯ ಮಗುವಿನ ಹಾಗೆ ಕೈ ಚಾಚುತ್ತಿದ್ದರು. ನಾನು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ನುಂಗುತ್ತಿದ್ದೆ. ರುಚಿಯಾಗಿರುತ್ತಿತ್ತು, ಅದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಆ ವರ್ಷ ಚಳಿಗಾಲದ ರಜೆಯಲ್ಲಿ ಅಪ್ಪ ಅಜ್ಜಿಯ ಬಹುಕಾಲದ ಆಸೆ ತೀರಿಸಲು ಹೊರಟರು. ಮಸ್ಕತ್ತಿನಿಂದ ದೆಹಲಿಗೆ ವಿಮಾನ, ಅಲ್ಲಿಂದ ಕಾಶಿಗೆ ರೈಲು. ಕಾಶಿಯಲ್ಲಿ ತಿರುಗಾಡಲು ಇದ್ದದ್ದು ಒಂದೇ ದಿನ, ಸಾರನಾಥವೂ ಸೇರಿ. ರೈಲಿನಲ್ಲಿ ಅಜ್ಜಿ ಮೊದಲು ಕೇಳಿದ್ದು ಒಂದೇ ಪ್ರಶ್ನೆ.

“ನೀವೆಲ್ಲ ಎಂತ ಬಿಡ್ತೀರಿ?”

ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಅಲ್ಲಿ ಬಿಟ್ಟು ಬರಬೇಕು, ಬಿಟ್ಟ ಮೇಲೆ ಜೀವ ಇರುವವರೆಗೆ ಅದನ್ನು ತಿನ್ನಬಾರದು. ಇದನ್ನು ಅಜ್ಜಿ ವಿವರಿಸಿ ಮುಗಿಸುವ ಮೊದಲೇ ಅಪ್ಪ, “ನನ್ನದು ಹಾಗಲಕಾಯಿ” ಅಂದರು. ಅಪ್ಪ ಹಾಗಲಕಾಯಿ ತಿಂದದ್ದನ್ನು ನಾನು ಹುಟ್ಟಿದ ಮೇಲೆ ಕಂಡಿಲ್ಲ. ಅಮ್ಮ ಸ್ವಲ್ಪ ಯೋಚಿಸಿ, “ನಾನು ಅಂಬಟೆಕಾಯಿ ಬಿಡ್ತೇನೆ” ಅಂದಳು. ರೂವಿಯ ಅಂಗಡಿಗಳಲ್ಲಿ ಅಂಬಟೆಕಾಯಿ ನಮ್ಮ ಕಣ್ಣಿಗೆ ಬಿದ್ದದ್ದೇ ಇಲ್ಲ.

ಅಜ್ಜಿ ಇಬ್ಬರನ್ನೂ ನೋಡಿದಳು. “ಬೇಡದ್ದನ್ನು ಬಿಡ್ಲಿಕ್ಕೆ ಕಾಶಿ ಎಂತಕ್ಕೆ? ರೂವಿಯ ಕಸದ ಡಬ್ಬಿ ಸಾಕಲ್ಲ” ಅಂದಳು. “ನಾನು ಮಾವು ಬಿಡುದು.”

ಮಾವು ಅಂದರೆ ಅಜ್ಜಿಯ ಪ್ರಾಣ. ಮಸ್ಕತ್ತಿನಿಂದಾಚೆ ಸಹಮ್‌ನಲ್ಲಿ ತೋಟವಿದ್ದ ಅಪ್ಪನ ಗಿರಾಕಿಯೊಬ್ಬರು ಬೇಸಿಗೆಯಲ್ಲಿ ಒಂದು ಪೆಟ್ಟಿಗೆ ಹಣ್ಣು ಕಳಿಸುತ್ತಿದ್ದರು. ನಾರು ತುಂಬಿದ ಸಣ್ಣ ಹಣ್ಣು. ಅಜ್ಜಿ ಗೊರಟು ಚೀಪುವಾಗ ರಸ ಮೊಣಕೈವರೆಗೆ ಇಳಿಯುತ್ತಿತ್ತು, ನಾನು ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದೆ.

ಬೆಳಿಗ್ಗೆ ಮಂಜಿನಲ್ಲಿ ಘಾಟಿಗೆ ಇಳಿದೆವು. ನಾನು ಆ ಊರನ್ನು ಮೊದಲು ಕಂಡದ್ದು ಮೂಗಿನಿಂದ. ಮೂತ್ರ, ಸೆಗಣಿ, ಕೊಳೆತ ಚೆಂಡುಹೂವು, ಸೀದ ತುಪ್ಪ, ಅದರ ಮೇಲೆ ದೂರದಿಂದ ಬರುತ್ತಿದ್ದ ಇನ್ನೊಂದು ಹೊಗೆ. ಅದು ಯಾವುದರ ಹೊಗೆ ಎಂದು ಅಪ್ಪ ಹೇಳಲಿಲ್ಲ, ನಾನೇ ಊಹಿಸಿದೆ. ಮೆಟ್ಟಿಲಿನ ತುಂಬ ಎಲೆಯಡಿಕೆ ಉಗುಳಿದ ಕೆಂಪು. ನಾನು ಟಿಶ್ಯೂ ಮೂಗಿಗೆ ಒತ್ತಿಕೊಂಡು ತುದಿಗಾಲಲ್ಲಿ ಇಳಿದೆ. ನೀರಿನ ಅಂಚಿನಲ್ಲಿ ಹೂವು, ಪ್ಲಾಸ್ಟಿಕ್ ಕವರು, ಯಾರೋ ಬಿಟ್ಟ ಬನಿಯನ್ನು ಎಲ್ಲ ಒಟ್ಟಿಗೆ ತೇಲುತ್ತಿದ್ದವು. ಅವುಗಳ ಪಕ್ಕದಲ್ಲಿ ಉಬ್ಬಿದ ಹೊಟ್ಟೆಯ ಒಂದು ಸತ್ತ ನಾಯಿ ಮೆಲ್ಲಗೆ ತಿರುಗುತ್ತಿತ್ತು.

ಅದರಿಂದ ಇಪ್ಪತ್ತು ಹೆಜ್ಜೆ ಆಚೆ ಅಜ್ಜಿ ನಡುಗುತ್ತಾ ಮೂರು ಮುಳುಗು ಹಾಕಿದಳು. ಎದ್ದು, ಬೊಗಸೆಯಲ್ಲಿ ನೀರು ತೆಗೆದು ಕುಡಿದಳು. ಒಮ್ಮೆಯಲ್ಲ, ಮೂರು ಸಲ. ಅವಳ ಮುಖದಲ್ಲಿ ಅಂಥ ಸಂತೋಷವನ್ನು ನಾನು ಹಿಂದೆ ಕಂಡಿರಲಿಲ್ಲ, ಆದರೆ ಆಗ ನನಗೆ ಕಂಡದ್ದು ಆ ನೀರು ಮಾತ್ರ. ಮೆಟ್ಟಿಲಿಗೆ ಬಂದು ಅದೇ ಒದ್ದೆ ಕೈಯಲ್ಲಿ ಪೇಡಾ ಮುರಿದು, ನಾನು ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ಒಳಗೆ ತುರುಕಿದಳು.

“ಪ್ರಸಾದ ಮಗಾ, ಬೇಡ ಅನ್ಬಾರ್ದು.”

“ಇಶ್ಶೀ! ಡಿಸ್ಗಸ್ಟಿಂಗ್” ಎಂದು ನಾನು ಟಿಶ್ಯೂಗೆ ಉಗುಳಿದೆ. ಅಪ್ಪ ಕಣ್ಣು ಕೆಂಪು ಮಾಡಿದರು. ಅಜ್ಜಿ, “ಮಗು ಅಲ್ವಾ, ಬಿಡು” ಅಂದಳು.

ಸಂಕಲ್ಪ ಮಾಡಿಸಲು ಒಬ್ಬರು ಕನ್ನಡ ಬಲ್ಲ ಪುರೋಹಿತರು ಸಿಕ್ಕಿದ್ದರು. ಅವರ ಪೂರ್ವಿಕರು ಎಂದೋ ನಮ್ಮ ಕಡೆಯಿಂದ ಹೋದವರಂತೆ. ಬಾಯಿ ತುಂಬ ಎಲೆಯಡಿಕೆ, ಮಂತ್ರ ಮತ್ತು ಮಾತು ಎರಡೂ ಅದರ ಮಧ್ಯದಿಂದಲೇ ಬರುತ್ತಿದ್ದವು. ನಾಲ್ವರನ್ನೂ ಸಾಲಾಗಿ ಕೂರಿಸಿ ಅಂಗೈಗೆ ನೀರು ಹಾಕಿ, “ಬಿಡುವುದರ ಹೆಸರು ಹೇಳಿ, ಮೂರು ಸಲ ಬಿಟ್ಟೆ ಅಂತ ಹೇಳಿ, ನೀರು ಬಿಡಿ” ಅಂದರು. ಅಪ್ಪ ಹಾಗಲಕಾಯಿಯನ್ನು ಗಂಭೀರವಾಗಿ ಬಿಟ್ಟರು. ಅಮ್ಮ ಅಂಬಟೆಕಾಯಿ ಬಿಟ್ಟಳು. ಹತ್ತು ವರ್ಷದ ನನಗೆ ಆ ನಾಟಕ ಕಂಡು ಕೂಡ ಹೇಸಿಗೆಯಾಯಿತು, ನೀರಿಗಿಂತ ಹೆಚ್ಚು. ಅಜ್ಜಿ ಮಾವು ಬಿಟ್ಟಳು.

“ಪುಟ್ಟೀ, ನೀನೇನು ಬಿಡ್ತಿ? ಚಾಕ್ಲೇಟಾ?” ಎಂದು ಪುರೋಹಿತರು ನಗುತ್ತಾ ನನ್ನ ಕೈಗೂ ನೀರು ಹಾಕಿದರು.

ನನ್ನ ಬಾಯಿಯಲ್ಲಿ ಇನ್ನೂ ಪೇಡಾದ ಹಿಟ್ಟು, ಅದರ ಹಿಂದೆ ಆ ನೀರು, ಅದರ ಹಿಂದೆ ಆ ನಾಯಿ. ನಾನು ಅಜ್ಜಿಯ ಕಡೆ ಬೆರಳು ತೋರಿಸಿದೆ.

“ಇವಳ ಕೈತುತ್ತು. ಇನ್ನು ಮೇಲೆ ಇವಳ ಕೈಯಿಂದ ತಿನ್ನುದಿಲ್ಲ. ಬಿಟ್ಟೆ, ಬಿಟ್ಟೆ, ಬಿಟ್ಟೆ.” ನೀರನ್ನು ಮೆಟ್ಟಿಲಿಗೆ ಚೆಲ್ಲಿ ಟಿಶ್ಯೂನಲ್ಲಿ ಕೈ ಒರೆಸಿಕೊಂಡೆ.

ಪುರೋಹಿತರು ಜೋರಾಗಿ ನಕ್ಕು, ಪಕ್ಕಕ್ಕೆ ತಿರುಗಿ ಉಗುಳಿ, “ಇದು ಚೆನ್ನಾಗಿದೆ” ಅಂದರು. ಅಮ್ಮ ನನ್ನ ತೋಳು ಜಿಗುಟಿದಳು. ಅಪ್ಪ “ಖಲಾಸ್, ಯಲ್ಲಾ, ಏಳಿ, ಹೊತ್ತಾಯ್ತು” ಎಂದು ಅರಬಿ ಬೆರೆಸಿ ಮಾತು ಮುಚ್ಚಿದರು. ಅಜ್ಜಿ ತನ್ನ ಬಲಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡಳು, ಸೆರಗಿನಲ್ಲಿ ಒರೆಸಿಕೊಂಡಳು.

ಆಮೇಲೆ ಗಲ್ಲಿಗಳು. ಅಲ್ಲಿ ದನವೂ ಬೈಕೂ ಹೆಣವೂ ನಾವೂ ಒಂದೇ ದಾರಿಯಲ್ಲಿ ಹೋಗಬೇಕಿತ್ತು. ವಿಶ್ವನಾಥನ ದರ್ಶನಕ್ಕೆ ಚಪ್ಪಲಿ ಬಿಟ್ಟು ನಡೆದಾಗ ನನ್ನ ಬರಿಗಾಲ ಬೆರಳುಗಳ ನಡುವೆ ಬೆಚ್ಚಗಿನದೇನೋ ಜಾರಿತು. ನಾನು ಅಳುತ್ತಾ ನಿಂತೆ. ದೇವರ ಮುಂದೆ ಒಂದು ಗಳಿಗೆ ನಿಂತದ್ದು, ಬೆನ್ನಿಗೆ ಯಾರದೋ ಮೊಣಕೈ ಬಿದ್ದದ್ದು, ಅಷ್ಟೇ ನೆನಪು.

ಮಧ್ಯಾಹ್ನ ಸಾರನಾಥಕ್ಕೆ ಬಂದಾಗ ಮಂಜು ಹರಿದು ಎಳೆಬಿಸಿಲು ಬಂದಿತ್ತು. ಹುಲ್ಲು, ಮೌನ, ದೊಡ್ಡ ಇಟ್ಟಿಗೆಯ ಸ್ತೂಪ. ಅವತ್ತು ಮೊದಲ ಬಾರಿ ಟಿಶ್ಯೂ ತೆಗೆದು ಉಸಿರಾಡಿದೆ. ಬಿಳಿ ಸೀರೆಯ ಮುದುಕಿಯೊಬ್ಬಳು ಸ್ತೂಪದ ಗೋಡೆಗೆ ಬಂಗಾರದ ತೆಳು ಹಾಳೆ ಅಂಟಿಸಿ, ಅದನ್ನು ಬೆರಳಿನಿಂದ ತಿಕ್ಕಿ ತಿಕ್ಕಿ, ಆ ಬೆರಳನ್ನೇ ಕಣ್ಣಿಗೆ ಒತ್ತಿಕೊಂಡಳು. ಬುದ್ಧ ಮೊದಲು ಮಾತಾಡಿದ ಜಾಗ ಇದೇ ಎಂದು ಅಪ್ಪ ಹೇಳಿದರು. ಇಲ್ಲೇ ಇದ್ದುಬಿಡೋಣ ಎನಿಸಿತು ನನಗೆ.

ಗೇಟಿನ ಹೊರಗೆ ಒಂದು ಮರದಡಿ ಅಜ್ಜಿ ಡಬ್ಬಿ ಬಿಚ್ಚಿದಳು. ಬೆಳಿಗ್ಗೆ ಲಾಡ್ಜಿನಲ್ಲೇ ಕಲಸಿಟ್ಟ ಮೊಸರವಲಕ್ಕಿ, ಮೇಲೆ ಮಿಡಿ ಉಪ್ಪಿನಕಾಯಿ. ತನ್ನ ಪಾಲಿನ ಉಪ್ಪಿನಕಾಯಿಯನ್ನು ಎತ್ತಿ ಅಪ್ಪನಿಗೆ ಹಾಕಿದಳು.

“ಉಪ್ಪಿನಕಾಯಿ ಲೆಕ್ಕಕ್ಕಿಲ್ಲ ಅಮ್ಮ. ಹಣ್ಣಲ್ವಾ ನೀವು ಬಿಟ್ಟದ್ದು?” ಅಂದರು ಅಪ್ಪ.

“ಮಿಡಿ ಆದ್ರೂ ಮಾವೇ.”

ಅಪ್ಪನ ಅಂಗೈಗೆ ಒಂದು ಉಂಡೆ, ಅಮ್ಮನ ಅಂಗೈಗೆ ಒಂದು. ನನಗೆ ಹಸಿವು ಕಚ್ಚುತ್ತಿತ್ತು. ಬೆಳಗಿನದೆಲ್ಲ ಮರೆತು, ಅಭ್ಯಾಸದಂತೆ ನಾನೂ ಕೈ ಚಾಚಿದೆ. ಅಜ್ಜಿಯ ಕೈ ಡಬ್ಬಿಯಿಂದ ಅರ್ಧ ಬಂದು ನಿಂತಿತು. ಉಂಡೆಯನ್ನು ವಾಪಸು ಹಾಕಿ, ಕೈ ತೊಳೆದು, ಚೀಲ ತಡಕಾಡಿ, ವಿಮಾನದಲ್ಲಿ ಕೊಟ್ಟಿದ್ದ ಪ್ಲಾಸ್ಟಿಕ್ ಚಮಚ ತೆಗೆದಳು. ಅದನ್ನು ಅವಳು ಯಾಕೆ ಎತ್ತಿಟ್ಟುಕೊಂಡಿದ್ದಳೋ, ಏನನ್ನೂ ಬಿಸಾಡುವ ಜಾಯಮಾನ ಅವಳದಲ್ಲ. ಡಬ್ಬಿಯ ಮುಚ್ಚಳಕ್ಕೆ ಅವಲಕ್ಕಿ ಸುರಿದು, ಚಮಚ ಇಟ್ಟು ನನ್ನ ಮುಂದೆ ಸರಿಸಿದಳು.

“ಇದರಲ್ಲಿ ತಿನ್ನು ಮಗಾ.”

ಕೋಪವಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳ ಸ್ವರದಲ್ಲಿ ಅದಿರಲಿಲ್ಲ. ನಾನು ಚಮಚದಲ್ಲಿ ತಿಂದೆ, ಗೆದ್ದೆ ಅಂದುಕೊಂಡೆ.

ರೂವಿಗೆ ಬಂದ ಮೇಲೂ ಆ ಚಮಚ ನಮ್ಮ ಅಡುಗೆಮನೆಯಲ್ಲಿ ನನ್ನ ಹೆಸರಿಗೇ ಉಳಿಯಿತು. ಶುಕ್ರವಾರದ ಬಟ್ಟಲು ಬರುತ್ತಿತ್ತು, ಉಂಡೆಗಳು ಹಂಚಲ್ಪಡುತ್ತಿದ್ದವು, ನನ್ನ ಪಾಲು ಕಲಸುವ ಮೊದಲೇ ತಟ್ಟೆಯಲ್ಲಿ ಬೇರೆ ಇರುತ್ತಿತ್ತು. ಅದೇ ಅನ್ನ, ಅದೇ ಸಾಸಮೆ. ಚಮಚದಲ್ಲಿ ಅದಕ್ಕೆ ಆ ರುಚಿ ಬರುತ್ತಿರಲಿಲ್ಲ. ಎಂಟನೇ ಕ್ಲಾಸಿನಲ್ಲಿದ್ದಾಗ, ಸಹಮ್‌ನ ಹಣ್ಣು ಬಂದ ಒಂದು ಶುಕ್ರವಾರ, ನಾಚಿಕೆ ಬಿಟ್ಟು ಕೈ ಚಾಚಿದೆ.

“ಒಂದು ಉಂಡೆ ಕೊಡು ಅಜ್ಜಿ. ಸುಮ್ಮನೆ ಹೇಳಿದ್ದು ನಾನು ಅವತ್ತು.”

ಅಜ್ಜಿ ಕಲಸಿದ ಕೈಯನ್ನು ಬಟ್ಟಲಿನಲ್ಲೇ ಇಟ್ಟುಕೊಂಡಳು. “ಗಂಗೆಯ ಎದುರು ಮೂರು ಸಲ ಹೇಳಿದ್ದಿ. ನಿನ್ನ ಮಾತನ್ನು ನಾನೇ ಮುರಿಸುದಾ? ದೋಷ ನಿಂಗೆ ಬರ್ತದೆ.” ಆ ಸಾಸಮೆಯನ್ನು ಅವಳೂ ತಿನ್ನುವಂತಿರಲಿಲ್ಲ. ಮಾಡುತ್ತಿದ್ದವಳು ಅವಳು, ಉಪ್ಪು ನೋಡುತ್ತಿದ್ದವಳು ನಾನು, ಚಮಚದಲ್ಲಿ.

ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದಾಗ ಯಾರೋ ಹೇಳಿದರೆಂದು ದಿನಾ ಬೆಳಿಗ್ಗೆ ಹಾಗಲಕಾಯಿಯ ರಸ ಕುಡಿಯತೊಡಗಿದರು. “ಬಿಟ್ಟದ್ದು ತರಕಾರಿ, ಇದು ಜ್ಯೂಸ್” ಎನ್ನುತ್ತಿದ್ದರು. ಅಮ್ಮ ಊರಿಗೆ ಹೋದಾಗ ಅಂಬಟೆಕಾಯಿ ಉಪ್ಪಿನಕಾಯಿ ತಿಂದು ಬಂದಳು. ದೇವರು ಇಬ್ಬರಿಗೂ ಏನೂ ಮಾಡಲಿಲ್ಲ. ನಮ್ಮ ಮನೆಯಲ್ಲಿ ಕಾಶಿಯನ್ನು ನಂಬಿ ನಡೆದವಳು ಅಜ್ಜಿಯೊಬ್ಬಳೇ, ತನ್ನ ಪಾಲಿಗೂ ನನ್ನ ಪಾಲಿಗೂ.

ಕೊನೆಯ ವರ್ಷ ಅವಳ ಕೈ ನಡುಗಲು ಶುರುವಾಯಿತು, ತುತ್ತು ಬಾಯಿಗೆ ಮುಟ್ಟುತ್ತಿರಲಿಲ್ಲ. ಆಗ ನಾನು ಕಲಸಿ ತಿನ್ನಿಸುತ್ತಿದ್ದೆ, ಬೆರಳಿನಿಂದಲೇ. ಆಫೀಸಿನಿಂದ ಬಂದು ಸರಿಯಾಗಿ ಕೈ ತೊಳೆಯದ ದಿನವೂ ಅವಳು ಬಾಯಿ ತೆರೆದಳು. ಗಲ್ಲದ ಮೇಲೆ ಇಳಿದ ಜೊಲ್ಲು ಒರೆಸುವಾಗ ನನಗೆ ಅವಳ ಮೇಲೆ ಹೇಸಿಗೆಯಾಗಲಿಲ್ಲ. ಆದದ್ದು ಕಾಶಿಯ ಮೆಟ್ಟಿಲಲ್ಲಿ ಕೂತಿದ್ದ ನನ್ನ ಮೇಲೆಯೇ.

ಈಗ ನಾನು ಮಸ್ಕತ್ತಿನದೇ ಇನ್ನೊಂದು ಬಡಾವಣೆ ಅಲ್ ಖೌದ್‌ನಲ್ಲಿದ್ದೇನೆ. ಅಜ್ಜಿ ಇಲ್ಲ, ಮೆಟ್ಟುಕತ್ತಿ ತುಕ್ಕು ಹಿಡಿಯಿತು, ನೆಲದ ಮೇಲೆ ಕೂತು ಉಣ್ಣುವವರು ನಮ್ಮಲ್ಲಿ ಯಾರೂ ಉಳಿದಿಲ್ಲ. ನನ್ನ ಮಗಳಿಗೆ ಚಮಚ ಕೊಡದಿದ್ದರೆ ಊಟವೇ ಇಲ್ಲ, ನಾನು ತುತ್ತು ನೀಡಲು ಹೋದರೆ “ಮಮ್ಮಾ, ಯಕ್” ಎನ್ನುತ್ತಾಳೆ. ಕಳೆದ ತಿಂಗಳು ನಮ್ಮ ಆಫೀಸಿನ ಮೈಸೂರಿನ ಹುಡುಗಿ ಕಾಶಿಗೆ ಹೊರಟಾಗ, ಅಲ್ಲಿ ಬಿಟ್ಟದ್ದನ್ನು ವಾಪಸು ಪಡೆಯಲು ದಾರಿ ಇದೆಯೇ ಕೇಳಿಕೊಂಡು ಬಾ ಎಂದಿದ್ದೆ. ಅವಳು ಬಂದು ಮೊದಲು ಹೇಳಿದ್ದು, “ಈಗ ಎಷ್ಟು ಕ್ಲೀನ್ ಆಗಿದೆ ಗೊತ್ತಾ ಮೇಡಂ, ಅಗಲವಾದ ದಾರಿ, ಒಂಚೂರೂ ವಾಸನೆ ಇಲ್ಲ” ಎಂದು.

“ನಾನು ಹೇಳಿದ್ದು ಕೇಳಿದೆಯಾ?”

“ಕೇಳ್ದೆ. ಏನೋ ಪ್ರಾಯಶ್ಚಿತ್ತ ಇದೆಯಂತೆ, ಮಾಡಿಸಿದ್ರೆ ಮತ್ತೆ ತಿನ್ಬೋದಂತೆ. ಯಾವ ತರಕಾರಿ ಅಂತ ಕೇಳಿದ್ರು. ಏನ್ ಬಿಟ್ಟಿದ್ರಿ ನೀವು?”

ನಾನು ಅವಳ ಮುಖ ನೋಡಿದೆ.

“ಹಾಗಲಕಾಯಿ” ಅಂದೆ.