ಕ್ಯಾಬಿನೆಟ್ಟಿನ ಧೂಳು, ಅಜ್ಜಿಯ ಹಾಡು

ಹಳೆಯ ಕಂಪ್ಯೂಟರ್ ಫಾರ್ಮ್ಯಾಟ್ ಮಾಡುವ ಮೊದಲು ಧೂಳು ಒರೆಸೋಣವೆಂದು ಇವತ್ತು ಕ್ಯಾಬಿನೆಟ್ ಬಿಚ್ಚಿದೆ. ಒಳಗಿನ ಬೆಚ್ಚನೆಯ ಧೂಳಿನ ವಾಸನೆ ನನ್ನನ್ನು ನೇರ ಚಿಕ್ಕಂದಿನ ವಿದ್ಯಾನಗರದ ಮನೆಯ ಪಡಸಾಲೆಗೆ ಒಯ್ದಿತು.

ಅಲ್ಲಿ ಕಂಪ್ಯೂಟರಿಗೆ ಕ್ರೋಶಾ ಹೊದಿಕೆಯಿತ್ತು. ಅಪ್ಪ ಕೈ ತೊಳೆದೇ ಮೌಸ್ ಮುಟ್ಟುತ್ತಿದ್ದ. ಅಜ್ಜಿಯ ಬೀಸುವ ಕಲ್ಲಿನ ಹಾಡುಗಳನ್ನೆಲ್ಲ ಅವ್ವ ಒಂದೇ ಬೆರಳಿನಿಂದ ಅದರಲ್ಲಿ ಟೈಪ್ ಮಾಡಿಟ್ಟಿದ್ದಳು. ಒಂದು ದಿನ ಅಪ್ಪ ಅವನ್ನು ಸಿಡಿಗೆ ಹಾಕಿಕೊಂಡು, ಫಾರ್ಮ್ಯಾಟ್ ಮಾಡಿ, ವಿಂಡೋಸ್ ಹೊಸದಾಗಿ ಹಾಕಿದ. ಆಮೇಲೆ ಹಾಡಿನ ಫೈಲು ತೆರೆದರೆ ಕನ್ನಡವೇ ಇಲ್ಲ, ಬರೀ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರ!

“ಅತ್ತಿ ಹಾಡೆಲ್ಲಾ ಹಾಳಾದುವಲ್ರೀ!” ಅವ್ವ ಕುಸಿದು ಕೂತಳು.

“ಇದು ವೈರಸ್ಸೇ ಖರೇ,” ಎಂದ ಅಪ್ಪ, ಬೆವರು ಒರೆಸಿಕೊಳ್ಳುತ್ತ.

ನಮ್ಮ ಶಾಲೆಯಲ್ಲೂ ಒಮ್ಮೆ ಹೀಗಾಗಿತ್ತು. “ಅಪ್ಪಾ, ನೀ ಕನ್ನಡ ಫಾಂಟ್ ಹಾಕೇ ಇಲ್ಲಲ್ಲ!” ಎಂದು ಕೂಗಿದೆ.

ಫಾಂಟಿನ ಸಿಡಿ ಹುಡುಕಿ ಹಾಕಿ, ಫೈಲು ಮತ್ತೆ ತೆರೆದೆವು. ಪರದೆಯ ತುಂಬ ಕನ್ನಡ! ಅವ್ವ ಮೊದಲ ಸಾಲನ್ನು ಜೋರಾಗಿ ಓದಿದಳು. ಎರಡನೆಯ ಸಾಲು ಅಡುಗೆಮನೆಯಿಂದ ಬಂತು, ಅಜ್ಜಿಯ ದನಿಯಲ್ಲಿ, ರಾಗದ ಸಮೇತ. “ಭೇಷ್ ಮಗಳ!” ಎಂದು ಅಪ್ಪ ನನ್ನನ್ನು ಎತ್ತಿಯೇ ಬಿಟ್ಟ.

ಆ ಹಾಡುಗಳು ಇಂದಿಗೂ ಅದೇ ಹಳೆಯ ಫಾಂಟಿನಲ್ಲಿವೆ. ಇವತ್ತು ಪೆನ್‌ಡ್ರೈವಿಗೆ ಮೊದಲು ಹೋದದ್ದು ಆ ಫಾಂಟು. ಅದರ ಬೆನ್ನಿಗೇ ಅಜ್ಜಿ.