ಬಾನೆಟ್ಟಿನ ಮೇಲಿನ ಕುಂಕುಮ

ನಮ್ಮ ಮನೆಯ ಮಿಕ್ಸರಿನ ಹಣೆಯಲ್ಲೊಂದು ಕುಂಕುಮದ ಬೊಟ್ಟಿದೆ. ಮಿಕ್ಸರಿಗೆ ಹಣೆ ಎಲ್ಲಿಂದ ಬಂತು ಎಂದು ನೀವು ನಗಬಹುದು. ಎದುರಿಗೆ ನಿಂತು ನೋಡಿ, ಗುಂಡಿಯ ಮೇಲ್ಗಡೆ ಒಂದಿಷ್ಟು ನುಣುಪಾದ ಜಾಗ ಕಾಣುತ್ತದಲ್ಲ, ಅದೇ ಹಣೆ. ಖಂಡೇನವಮಿಯ, ಅಂದರೆ ಆಯುಧಪೂಜೆಯ ದಿನ ಹಚ್ಚಿದ ಆ ಬೊಟ್ಟು ಚಟ್ನಿಯ ಸಿಡಿತವನ್ನೂ ಮಸಾಲೆಯ ಘಾಟನ್ನೂ ಕರೆಂಟು ಹೋದಾಗಿನ ನನ್ನ ಬೈಗುಳವನ್ನೂ ಸಹಿಸಿಕೊಂಡು ವರ್ಷವಿಡೀ ಅಲ್ಲೇ ಇರುತ್ತದೆ, ನನ್ನ ಒರೆಸುವ ಬಟ್ಟೆ ಅದನ್ನು ಬಳಸಿಕೊಂಡು ಹೋಗುತ್ತದೆ. ಹೀಗೆ ಬಳಸಿಕೊಂಡು ಹೋಗುವುದನ್ನು ನನಗೆ ಯಾರೂ ಕಲಿಸಲಿಲ್ಲ, ಅವ್ವ ಮಾಡುತ್ತಿದ್ದುದನ್ನು ಕಂಡು ಕೈಗೆ ತಾನಾಗಿ ಬಂದಿದೆ.

ಧಾರವಾಡದಲ್ಲಿ ಬಿ.ಎ. ಓದಿ, ಮದುವೆಯಾಗಿ ಗೋವಾಕ್ಕೆ ಬಂದವಳು ನಾನು. ಪಣಜಿಯ ಮಗ್ಗುಲಿನ ಚಿಂಬಲ್‌ನಲ್ಲಿ ರೊಟ್ಟಿ ಖಾನಾವಳಿ ನಡೆಸುತ್ತೇನೆ. ಉಣ್ಣಲು ಬರುವವರೆಲ್ಲ ಬಾಗಲಕೋಟೆ, ವಿಜಯಪುರ, ಗದಗಿನ ಕಡೆಯಿಂದ ಬಂದು ಇಲ್ಲಿನ ಮಹಡಿಗಳನ್ನು ಎಬ್ಬಿಸುವವರು, ಎಬ್ಬಿಸಿದ ಮೇಲೆ ಅವುಗಳ ಬಾಗಿಲಿನಿಂದ ಒಳಗೆ ಹೋಗಲು ಅಪ್ಪಣೆ ಇಲ್ಲದವರು. ಖಂಡೇನವಮಿ ಬಂತೆಂದರೆ ನಮ್ಮ ಓಣಿಯಲ್ಲಿ ಕರಣೆ, ತೂಗುಗುಂಡು, ಡ್ರಿಲ್ಲಿಂಗ್ ಮಷೀನು, ಹೊಲಿಗೆ ಯಂತ್ರ ಎಲ್ಲವೂ ಮಿಂದು, ವಿಭೂತಿ ಕುಂಕುಮ ಧರಿಸಿ, ಚೆಂಡುಹೂ ಮುಡಿದು ಕುಳಿತುಬಿಡುತ್ತವೆ. ಸಾಮಾನು ಸಾಗಿಸುವ ದಾವಲಸಾಬರು ತಮ್ಮ ಟೆಂಪೊವನ್ನು ತಾವೇ ತೊಳೆದು ತಂದು ನಮ್ಮ ಹೆಂಗಸರ ಮುಂದೆ ನಿಲ್ಲಿಸಿ, "ನನ್ನ ಗಾಡಿ ಏನ ಪಾಪ ಮಾಡೈತ್ರಿ, ಅದಕ್ಕೂ ಒಂದ ಮಾಲಿ ಹಾಕ್ರಿ" ಎನ್ನುತ್ತಾರೆ. ಈ ಪೂಜೆಗೆ ವಸ್ತುವಿನ ಬೆಲೆ ಬೇಕಿಲ್ಲ, ಚೆಲುವು ಬೇಕಿಲ್ಲ, ಅದು ದುಡಿದಿರಬೇಕು, ಅಷ್ಟೇ. ವರ್ಷವೆಲ್ಲ ನಮಗಾಗಿ ತೇಯ್ದದ್ದನ್ನು ಒಂದು ದಿನವಾದರೂ ಕುಳ್ಳಿರಿಸಿ ಕೈಮುಗಿಯುವ ಹಬ್ಬ ಇದು.

ಮೊನ್ನೆಯ ನವಮಿ ವಾರಾಂತ್ಯಕ್ಕೇ ಬಂದಿತ್ತು. ಅದೇ ವಾರಾಂತ್ಯಕ್ಕೆ ದೊಡ್ಡ ಊರೊಂದರ ಹಳೇ ಕಾರುಗಳ ಕ್ಲಬ್ಬಿನವರೂ ಗೋವಾಕ್ಕೆ ಸಂಚಾರ ಬಂದರು. ಮಳೆ ಸರಿದು, ಗದ್ದೆಯ ತೆನೆ ಹಣ್ಣಾಗಿ, ಬಿಸಿಲಿಗೆ ಶರದೃತುವಿನ ಹೊಳಪು ಬಂದಿರುವ ಕಾಲದಲ್ಲಿ, ಅಜ್ಜಂದಿರ ಕಾಲದ ಕಾರುಗಳಲ್ಲಿ ಹ್ಯಾಟು ಹಾಕಿಕೊಂಡು ಹೊಳೆದಂಡೆಯ ದಾರಿಯಲ್ಲಿ ಮೆಲ್ಲಗೆ ಹೋಗುವುದು, ಕಲಂಗುಟಿನ ದೊಡ್ಡ ಹೋಟೆಲಿನಲ್ಲಿ ತಂಗುವುದು, ಇದು ಅವರ ಕಾರ್ಯಕ್ರಮ. ಹಳೇ ಕಾರಿನ ಮೇಲೆ ನನಗೇನೂ ದ್ವೇಷವಿಲ್ಲ ಕಣ್ರೀ. ಆ ದುಂಡು ದೀಪ, ಉಬ್ಬಿದ ಕೆನ್ನೆಯಂಥ ಮಡ್‌ಗಾರ್ಡು, ನೋಡಿದರೆ ಯಾರಿಗಾದರೂ ಖುಷಿಯೇ. ಆದರೆ ಮಳೆಗಾಲವಿಡೀ ನಮ್ಮ ಓಣಿಯ ಬಾಯಲ್ಲಿ ಬಾವಿಯಂಥ ತಗ್ಗುಗಳು ಬಿದ್ದು, ಗರ್ಭಿಣಿಯೊಬ್ಬಳನ್ನು ಕುರ್ಚಿಯಲ್ಲಿ ಕೂಡಿಸಿ ಹೊತ್ತೊಯ್ಯಬೇಕಾಗಿ ಬಂದಾಗ ಯಾರಿಗೂ ಸಿಗದ ಡಾಂಬರು, ಈ ಕಾರುಗಳು ಬರುವ ವಾರ ಅವು ಹೋಗುವ ದಾರಿಗೆಲ್ಲ ಸಿಕ್ಕಿತು. ಅದನ್ನು ಹಾಕಿದವರು ನನ್ನ ಖಾನಾವಳಿಯಲ್ಲಿ ಉಂಡು, ಅದೇ ತಗ್ಗು ದಾಟಿ ಮನೆಗೆ ಹೋಗುವವರು. ಪಿತ್ತ ನೆತ್ತಿಗೇರಿದ್ದು ಅಲ್ಲಿಯೇ, ಉಳಿದದ್ದೆಲ್ಲ ಆಮೇಲಿನದು.

ನಮ್ಮ ಹಿಂದಿನ ಮನೆಯ ನೀಲವ್ವ ಆ ಹೋಟೆಲಿನಲ್ಲಿ ಕಸ ಗುಡಿಸಿ, ನೆಲ ಒರೆಸಿ, ಬಟ್ಟೆ ತೊಳೆಯುವ ಯಂತ್ರ ನೋಡಿಕೊಳ್ಳುವವಳು. ಬಾದಾಮಿಯ ಕಡೆಯವಳು. ಗಂಡ ಸೆಂಟ್ರಿಂಗ್ ಕೆಲಸದಲ್ಲಿ ಮೇಲಿನಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮನೆ ನಿಂತಿರುವುದು ಆಕೆಯ ಸಂಬಳದ ಮೇಲೆ. ಹೋಟೆಲಿನ ನೀರೆತ್ತುವ ಪಂಪಿಗೆ, ಜನರೇಟರಿಗೆ, ಬಟ್ಟೆಯ ಯಂತ್ರಕ್ಕೆ, ಪ್ರವಾಸಿಗರನ್ನು ಕರೆತರುವ ವ್ಯಾನಿಗೆ ಖಂಡೇನವಮಿಯ ಪೂಜೆ ಮಾಡುವವಳೂ ಆಕೆಯೇ. ತೆಂಗಿನಕಾಯಿ, ಹೂವು, ನಿಂಬೆಹಣ್ಣು ತರಿಸಿಕೊಡುವವರು ಹೋಟೆಲಿನ ಮ್ಯಾನೇಜರು. ಈ ವರ್ಷವೂ ಅವರೇ ತರಿಸಿಕೊಟ್ಟಿದ್ದರು ಎಂಬುದನ್ನು ದಯವಿಟ್ಟು ಮನಸ್ಸಿನಲ್ಲಿಡಿ.

ಬೆಳಿಗ್ಗೆ ನೀಲವ್ವ ವ್ಯಾನಿನ ಪೂಜೆಗೆಂದು ಹೋದರೆ ಅದರ ಪಕ್ಕದಲ್ಲೇ ಸಾಲಾಗಿ ಹಳೇ ಕಾರುಗಳು. ಪಂಕ್ತಿಯಲ್ಲಿ ಒಬ್ಬರ ಎಲೆಗೆ ಬಡಿಸಿ ಪಕ್ಕದವರ ಎಲೆಯನ್ನು ಖಾಲಿ ಬಿಡುವುದು ಹೇಗೆ? ಆಕೆ ಎಲ್ಲಕ್ಕೂ ವಿಭೂತಿ ಎಳೆದಳು, ನೀರಲ್ಲಿ ಬೆರಳದ್ದಿ ಕುಂಕುಮವಿಟ್ಟಳು, ಹೂವಿಟ್ಟಳು. ಆಮೇಲೆ ನನ್ನೆದುರು ಅಳುತ್ತ ಆಕೆ ಹೇಳಿದ್ದು ಇಷ್ಟು: "ಹೋಟೆಲ್ ಗಾಡಿಗೆ ಹಚ್ಚಿ, ಬಂದ ಪಾವ್ಣ್ಯಾರ ಗಾಡಿ ಬಿಟ್ರ ಚಲೋ ಕಾಣತೈತೇನ್ರಿ ಅಕ್ಕಾರ? ಅದೂ ಎಷ್ಟ ಮುದುಕ ಗಾಡಿ! ಭಾಳ ದುಡದಾವು ಪಾಪ ಅನಸ್ತು." ಇದೇ ನೋಡಿ ಆಕೆಯ ತಪ್ಪು. ನಮ್ಮವರಲ್ಲಿ ಮುಪ್ಪು ಬರುವುದು ದುಡಿದೇ. ಹೊದಿಕೆ ಹೊದ್ದು ಷೆಡ್ಡಿನಲ್ಲಿ ಮಲಗಿ, ಲಾರಿಯ ಬೆನ್ನೇರಿ ಊರೂರಿಗೆ ಬಂದು, ನಾಲ್ಕು ಮೈಲಿ ಓಡಿ ಚಪ್ಪಾಳೆ ಗಿಟ್ಟಿಸುವ ಮುಪ್ಪೂ ಉಂಟೆಂದು ಆಕೆಗೆ ತಿಳಿದಿರಲಿಲ್ಲ.

ಮೊದಮೊದಲು ಕ್ಲಬ್ಬಿನವರಿಗೆ ಹಿಡಿಸಲಾರದಷ್ಟು ಸಂತೋಷವಾಯಿತಂತೆ. ನೀಲವ್ವನನ್ನು ಒಂದೊಂದು ಕಾರಿನ ಪಕ್ಕ ನಿಲ್ಲಿಸಿ ಫೋಟೊ ತೆಗೆದರು, ಹಚ್ಚಿದ ಬೊಟ್ಟಿನ ಮೇಲೆ ಮತ್ತೊಮ್ಮೆ ಬೆರಳಿಡಿಸಿ ತೆಗೆದರು. ಅಷ್ಟರಲ್ಲಿ ಕೆನೆಬಣ್ಣದ ಕಾರಿನ ಯಜಮಾನರು ತಿಂಡಿ ಮುಗಿಸಿ ಬಂದು, ಬಾನೆಟ್ಟಿನ ಮೇಲಿನ ಹಸಿ ಕುಂಕುಮ ಕಂಡು ಗಾಬರಿಯಾಗಿ, ಒದ್ದೆ ಕರವಸ್ತ್ರದಿಂದ ಗಸಗಸ ಉಜ್ಜಿದರು. ಬೊಟ್ಟಿನಷ್ಟಿದ್ದದ್ದು ಅಂಗೈಯಗಲ ಹರಡಿ, ಕೆನೆಬಣ್ಣದ ಮೇಲೆ ಗುಲಾಬಿ ಕಲೆ ಕುಳಿತುಬಿಟ್ಟಿತು. ಆ ಕ್ಷಣದಿಂದ ಫೋಟೊಗಳೆಲ್ಲ ನೀಲವ್ವನ ಅಪರಾಧಕ್ಕೆ ಸಾಕ್ಷಿಗಳಾದವು. ಉಜ್ಜಿದ ಕೈಯ ಫೋಟೊವನ್ನು ಮಾತ್ರ ಯಾರೂ ತೆಗೆದಿರಲಿಲ್ಲ.

ಆಕೆಗೆ ಕೊಂಕಣಿ ಅಷ್ಟಕ್ಕಷ್ಟೆ, ಇಂಗ್ಲಿಷಂತೂ ಬಾರದು. ಹಾಗಾಗಿ ಆಕೆಯ ಫೋನಿನಿಂದ ನನಗೆ ಕರೆ ಬಂತು. ಒಲೆ ಆರಿಸಿ, ಸ್ಕೂಟರ್ ಹತ್ತಿ ಹೋದೆ. ನೀಲವ್ವ ಕಾರುಗಳ ಸಾಲಿನ ಮುಂದೆ ಸೆರಗು ಹೊದ್ದು ನಿಂತಿದ್ದಳು, ಸುತ್ತ ಕ್ಲಬ್ಬಿನವರು, ಪಕ್ಕದಲ್ಲಿ ಮ್ಯಾನೇಜರು. ಯಜಮಾನರು ಕೂಗಾಡುವ ಜಾತಿಯವರಲ್ಲ. ಮೆಲುದನಿಯಲ್ಲಿ, ಚೊಕ್ಕ ಇಂಗ್ಲಿಷಿನಲ್ಲಿ, ಇದನ್ನು ಮುಟ್ಟಲು ಈಕೆಗೆ ಯಾರು ಹೇಳಿದರು ಎಂದು ಕೇಳಿದರು. ಇದು ಸಾಮಾನ್ಯ ಪ್ರಶ್ನೆಯೇ ಇರಬಹುದು. ಆದರೆ ಅದನ್ನು ಕನ್ನಡದಲ್ಲಿ ನೀಲವ್ವನಿಗೆ ಹೇಳಬೇಕಾದವಳು ನಾನು, ಮುಟ್ಟಬೇಡ ಎಂಬ ಮಾತನ್ನು ಊರಲ್ಲಿ ತಲೆಮಾರುಗಳಿಂದ ಕೇಳಿಕೊಂಡು ಬಂದವರ ಮನೆಯ ಮಗಳು ಆಕೆ. ಆದರೂ ಹೇಳಿದೆ.

ನೀಲವ್ವ ತಲೆ ಎತ್ತಿದಳು. "ಮುಟ್ಟಲಾರದ ಪೂಜಿ ಹೆಂಗ ಮಾಡೂದ್ರಿ ಅಕ್ಕಾರ? ಅವರನ್ನ ಕೇಳ್ರಿ."

ಕೇಳಿದೆ. ಯಾರೋ ಒಬ್ಬ ಹೆಂಗಸು ಕಿಸಕ್ಕೆಂದು ನಕ್ಕಳು, ಯಜಮಾನರು ಮ್ಯಾನೇಜರರ ಮುಖ ನೋಡಿದರು. ನಾನೂ ಮ್ಯಾನೇಜರರ ಕಡೆ ತಿರುಗಿ, ಕಾಯಿ ತರಿಸಿಕೊಟ್ಟವರು ನೀವು, ವರ್ಷವರ್ಷ ಪೂಜೆ ಮಾಡಿಸಿ ಪ್ರಸಾದ ತಿಂದವರು ನೀವು, ಒಂದು ಮಾತು ಹೇಳಿ ಎಂದು ಕೊಂಕಣಿಯಲ್ಲೇ ಕೇಳಿಕೊಂಡೆ. ಆ ಮಹಾನುಭಾವರು ಮೊಬೈಲಿನಲ್ಲಿ ಏನೋ ಹುಡುಕತೊಡಗಿದರು. ಸ್ನೇಹಿತರೇ, ಕಾರಿನವರ ಮೇಲಿನ ಸಿಟ್ಟಾದರೂ ನನಗೆ ಎಂದೋ ಆರೀತು. ಬಣ್ಣದ ಮೋಹ, ದೊಡ್ಡವರ ಆಟಿಕೆ ಎಂದು ಕೈಬಿಟ್ಟೇನು. ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡ ಆ ಮನುಷ್ಯನ ಮೇಲಿನ ಸಿಟ್ಟು ಮಾತ್ರ ಇದನ್ನು ಬರೆಯುವಾಗಲೂ ಕುದಿಯುತ್ತಿದೆ.

ಕೊನೆಗೆ ಮ್ಯಾನೇಜರು ತೀರ್ಮಾನ ಕೊಟ್ಟರು. ಕೆಲಸದಲ್ಲಿ ಇರಬೇಕಾದರೆ ಈಗಿಂದೀಗಲೇ ಎಲ್ಲ ಕಾರುಗಳ ಕುಂಕುಮ ಅಳಿಸಬೇಕು, ಹಾಗೆಯೇ ಹೋಟೆಲಿನ ವ್ಯಾನು, ಪಂಪು, ಜನರೇಟರು, ಯಂತ್ರಗಳದ್ದೂ. ಇನ್ನು ಮುಂದೆ ಈ ಆವರಣದಲ್ಲಿ ಇಂಥದ್ದೆಲ್ಲ ಕೂಡದು. ಇಲ್ಲವೆಂದರೆ ಇವತ್ತೇ ಹೊರಗೆ. ಇದನ್ನು ಅವರು ಹೇಳಿದ್ದು ಯಜಮಾನರಿಗೆ ತಿಳಿಯಲೆಂದು, ಇಂಗ್ಲಿಷಿನಲ್ಲಿ. ನೀಲವ್ವನಿಗೆ ಕನ್ನಡದಲ್ಲಿ ದಾಟಿಸಿದವಳು ಮತ್ತೆ ನಾನೇ.

ನೀಲವ್ವ ವ್ಯಾನನ್ನು ಒರೆಸಿ, ಕಾರುಗಳನ್ನು ಮೆತ್ತನೆ ಬಟ್ಟೆಯಿಂದ, ಕಲೆ ಏಳದಂತೆ ಒತ್ತಿ ಒತ್ತಿ ಒರೆಸಿದಳು. ಅವು ಒಂದೊಂದಾಗಿ ಗುಡುಗುಟ್ಟಿ ಹೊಸ ಡಾಂಬರಿನ ರಸ್ತೆಗೆ ಇಳಿದುಹೋದವು, ಕೆನೆಬಣ್ಣದ್ದೂ ಹೋಯಿತು. ಆಮೇಲೆ ನಾವು ಹಿತ್ತಲಿಗೆ ಹೋದೆವು, ಹಿಂದೆಯೇ ಮ್ಯಾನೇಜರು. ಪಂಪಿನ ಮುಂದೆ ಆಕೆ ನಿಂತುಬಿಟ್ಟಳು. ಒಲ್ಲೆ ಎನ್ನಲಿ, ಬಟ್ಟೆ ಎಸೆದು ಹೊರಡಲಿ, ಅದನ್ನು ನಾನು ಕಣ್ತುಂಬ ನೋಡಬೇಕು ಎಂದು ನನ್ನ ಜೀವ ಚಡಪಡಿಸುತ್ತಿತ್ತು. ಆದರೆ ಸಿಟ್ಟು ನನ್ನದು, ಹಾಸಿಗೆ ಹಿಡಿದ ಗಂಡ ಆಕೆಯವನು.

"ಬದಕಬೇಕಲ್ರಿ ಅಕ್ಕಾರ" ಎಂದಳು, ಒರೆಸಿದಳು.

ಜನರೇಟರನ್ನೂ ಒರೆಸಿದಳು, ಬಟ್ಟೆಯ ಯಂತ್ರವನ್ನೂ ಒರೆಸಿದಳು. ಕೆಲಸ ಉಳಿಯಿತು. ಆಕೆ ತನ್ನ ಕೈ ನೋಡಿಕೊಂಡಳು. ಎಲ್ಲ ಯಂತ್ರಗಳ ಕುಂಕುಮ ಬಟ್ಟೆ ದಾಟಿ ಬೆರಳುಗಳಿಗೆ ಹತ್ತಿತ್ತು. ಆ ಬೆರಳನ್ನು ಹಾಗೆಯೇ ಎತ್ತಿ, ಆ ಹೋಟೆಲಿನಲ್ಲಿ ಎಲ್ಲಕ್ಕಿಂತ ಹೆಚ್ಚು ದುಡಿದು, ಒಂದು ಖಂಡೇನವಮಿಗೂ ಯಾರಿಂದಲೂ ಕೈಮುಗಿಸಿಕೊಳ್ಳದ ತನ್ನ ಹಣೆಗೆ ಅಗಲವಾಗಿ ಹಚ್ಚಿಕೊಂಡಳು. ಆಮೇಲೆ ಮ್ಯಾನೇಜರರ ಕಡೆ ತಿರುಗಿದಳು. ಈ ಸಲ ನನ್ನ ತರ್ಜುಮೆ ಬೇಕಾಗಲಿಲ್ಲ.

"ಸಾಹೇಬ್ರ," ಎಂದಳು, ಹಣೆ ತೋರಿಸಿ, "ಇದನ್ನೂ ಒರಸ್ಲೇನ್ರಿ?"