ಇಪ್ಪತ್ತು ಉಳಿದಿತ್ತು

ಪಕ್ಕದ ಮನೆಗೆ ಸುಣ್ಣ ಬಳಿಯುತ್ತಿದ್ದಾರೆ. ಹೊಸ ಬಾಡಿಗೆಯವರು ಬರುತ್ತಾರಂತೆ. ಕೆಲಸದವರು ಕತ್ತಾಳೆ ನಾರಿನ ಕುಂಚಗಳನ್ನು ಬಕೆಟಿನಲ್ಲಿ ನೆನೆಹಾಕಿ ಚಹಾಕ್ಕೆ ಹೋಗಿದ್ದರು. ಒದ್ದೆ ನಾರಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ಟ್ಯೂಷನ್ ಮಕ್ಕಳಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದವಳು ಅರ್ಧದಲ್ಲೇ ನಿಲ್ಲಿಸಿದೆ. ಮಳೆಗಾಲದಲ್ಲಿ, ಆ ಮನೆಯಲ್ಲಿ ಮೊದಲಿದ್ದವರ ಡಾರ್ಟ್ ಬೋರ್ಡಿನಿಂದ ಇದೇ ವಾಸನೆ ಬರುತ್ತಿತ್ತು. ಅದನ್ನೂ ಕತ್ತಾಳೆ ನಾರಿನಲ್ಲೇ ಮಾಡುತ್ತಾರೆಂದು ಹೇಳಿದವರು ಅವರೇ...

ಕಾಪುವಿನ ಈ ಜೋಡಿಮನೆಗೆ ನಾನು ಬಂದಾಗ ಆಚೆ ಬದಿಯಲ್ಲಿ ಅವರಿದ್ದರು. ಸಮುದ್ರದ ನಡುವೆ ಎಣ್ಣೆ ತೆಗೆಯುವ ಗಲ್ಫಿನ ಕಂಪನಿಯೊಂದರಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ದುಡಿದು ಊರಿಗೆ ಮರಳಿದ್ದ ಒಂಟಿ ಮನುಷ್ಯ. ನಾನೂ ಒಂಟಿ. ನಮ್ಮಿಬ್ಬರ ನಡುವೆ ಇದ್ದದ್ದು ಒಂದೇ ಗೋಡೆ. ಸಂಜೆಯಾದರೆ ಆ ಗೋಡೆಯ ಮೇಲೆ ಠಕ್, ಠಕ್, ಠಕ್ ಎಂದು ಮೂರು ಪೆಟ್ಟು ಬೀಳುತ್ತಿತ್ತು, ಸ್ವಲ್ಪ ಹೊತ್ತು ಸುಮ್ಮನಾಗಿ ಮತ್ತೆ ಮೂರು. ಒಂದು ವಾರ ಸಹಿಸಿದೆ. ಆಮೇಲೆ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೇ ಹೋದೆ.

ಬಾಗಿಲು ತೆರೆದೇ ಇತ್ತು. ಗೋಡೆಯಲ್ಲಿ ಅಂಕಿಗಳಿದ್ದ ದುಂಡನೆಯ ಬೋರ್ಡು, ಅದಕ್ಕೆ ಚುಚ್ಚಿಕೊಂಡು ನಿಂತ ಮೂರು ಡಾರ್ಟು, ಸ್ಟೂಲಿನ ಮೇಲೆ ಸ್ಪೀಕರಿಗೆ ಹಾಕಿದ ಫೋನು. ಫೋನಿನೊಳಗಿಂದ ಯಾರೋ ತುಳುವಿನಲ್ಲಿ ಅಂಕಿ ಹೇಳುತ್ತಿದ್ದರು. ಕಾರ್ಕಳದಲ್ಲಿದ್ದ ಅವರ ಗೆಳೆಯನಂತೆ. ಗಲ್ಫಿನಲ್ಲಿ ಒಂದೇ ಕೋಣೆಯಲ್ಲಿ ಮಲಗಿ, ಅಲ್ಲಿನ ಊಟದ ಹಾಲ್‌ನಲ್ಲಿ ಇಂಗ್ಲಿಷರ ಜೊತೆ ಈ ಆಟ ಕಲಿತವರು ಇಬ್ಬರೂ. ಗೆಳೆಯನ ಮೊಣಕಾಲು ಹೋಗಿ ಬಸ್ಸು ಹತ್ತುವ ಹಾಗಿರಲಿಲ್ಲ. ಆದ್ದರಿಂದ ಅವರು ಅಲ್ಲಿಯ ಬೋರ್ಡಿಗೆ, ಇವರು ಇಲ್ಲಿಯ ಬೋರ್ಡಿಗೆ ಎಸೆದು ಎಷ್ಟು ಬಿತ್ತೆಂದು ಫೋನಿನಲ್ಲಿ ಹೇಳಿಕೊಳ್ಳುತ್ತಿದ್ದರು. ನೋಡುವವರು ಯಾರೂ ಇಲ್ಲ. ಹೇಳಿದ್ದನ್ನು ನಂಬಬೇಕು, ಅಷ್ಟೆ.

"ಅವ ಸುಳ್ಳು ಹೇಳಿದರೆ?" ಎಂದು ಕೇಳಿದೆ.

"ಸುಳ್ಳು ಹೇಳಿ ಅವನಿಗೆ ಎಂತ ಆಗ್ಲಿಕ್ಕುಂಟು ಟೀಚರ್?" ಎಂದು ನಕ್ಕರು.

ಐನೂರ ಒಂದರಿಂದ ಶುರು ಮಾಡಿ, ಬಿದ್ದ ಅಂಕಿಯನ್ನು ಕಳೆಯುತ್ತಾ ಸೊನ್ನೆಗೆ ತರುವುದು ಆಟ. ಮದುವೆ ಮನೆಯ ಉಡುಗೊರೆಯ ಲೆಕ್ಕವೇ ಇದು, ಇಂಗ್ಲಿಷಿನವನಿಗೆ ಹೇಗೆ ಗೊತ್ತಾಯಿತೋ ಎಂದು ತಮಾಷೆ ಮಾಡುತ್ತಿದ್ದರು. ಕಳೆಯುವ ಲೆಕ್ಕದಲ್ಲಿ ಇಬ್ಬರೂ ಒಬ್ಬರಿಗಿಂತ ಒಬ್ಬರು ದಡ್ಡರು. ಜಗಳಕ್ಕೆ ಹೋದ ನಾನು ಮರುದಿನದಿಂದ ಅವರ ಜಗಲಿಯಲ್ಲಿ ಕುಳಿತು ಲೆಕ್ಕ ಕಳೆಯುವವಳಾದೆ. ನನ್ನ ಮನೆಮಾತು ಕೊಂಕಣಿ, ಅವರದು ತುಳು, ಹಾಗಾಗಿ ನಮ್ಮ ವ್ಯವಹಾರವೆಲ್ಲ ಕನ್ನಡದಲ್ಲಿ. ಮಟ್ಟುವಿನಲ್ಲಿದ್ದ ಅವರ ತಂಗಿ ತಂದುಕೊಟ್ಟ ಗುಳ್ಳ ಬದನೆಯಲ್ಲಿ ಒಂದೆರಡು ನನಗೆ ಸಂಬಳವಾಗಿ ಬರುತ್ತಿತ್ತು.

ಸೊನ್ನೆಗೆ ಬಂದಾಗ ಮಾತ್ರ ಅವರಿಬ್ಬರೂ ತುಳುವಿನಲ್ಲಿ "ದಿಂಜಿಂಡ್" ಎಂದು ಕೂಗುತ್ತಿದ್ದರು. ತುಂಬಿತು ಎಂದು ಅರ್ಥ. ಅಕ್ಕಿ ಡಬ್ಬಿ ಖಾಲಿಯಾದರೆ ನಮ್ಮ ಕಡೆ ಹೆಂಗಸರು ಮುಗಿಯಿತು ಎನ್ನುವುದಿಲ್ಲವಲ್ಲ, ತುಂಬಿದೆ ಎನ್ನುತ್ತಾರಲ್ಲ, ಹಾಗೆ. ಮುಗಿಯಿತು ಎಂಬ ಮಾತು ಬಾಯಲ್ಲಿ ಬರಬಾರದೆಂದು ಗಲ್ಫಿನಲ್ಲೇ ಇಬ್ಬರೂ ಮಾಡಿಕೊಂಡ ನಿಯಮವಂತೆ. ನನಗೆ ಮೊದಲು ನಗು ಬರುತ್ತಿತ್ತು. ಕ್ರಮೇಣ ಸಂಜೆಯಾಗುತ್ತಲೇ ನನ್ನ ಕಿವಿಯೂ ಆ ಕೂಗಿಗೆ ಕಾಯತೊಡಗಿತು.

ಒಂದು ದಿನ ಕಾರ್ಕಳದ ಫೋನು ಬರಲಿಲ್ಲ. ಇವರು ಮಾಡಿದರೆ ಸ್ವಿಚ್ ಆಫ್. ನಾಲ್ಕೈದು ದಿನ ಕಾದು ಬೆಳ್ಮಣ್ ದಾರಿಯ ಬಸ್ಸು ಹಿಡಿದು ಹೋದರು. ಮನೆಗೆ ಬೀಗ. ಗೆಳೆಯನನ್ನು ಅವನ ತಂಗಿಯ ಮಕ್ಕಳು ಕಾರಿನಲ್ಲಿ ಬಂದು ಕರೆದುಕೊಂಡು ಹೋದರು, ಯಾವ ಊರಿಗೋ ಗೊತ್ತಿಲ್ಲ ಎಂದರಂತೆ ನೆರೆಯವರು. ಮರಳಿ ಬಂದವರು ಊಟಕ್ಕೂ ಏಳಲಿಲ್ಲ. ಆಮೇಲೆ ಗೋಡೆಯ ಸದ್ದೇ ಬದಲಾಯಿತು. ಮೂರು ಪೆಟ್ಟಾದ ಕೂಡಲೇ ಬಿಡುವಿಲ್ಲದೆ ಮತ್ತೆ ಮೂರು. ಗೆಳೆಯನ ಸರದಿಯನ್ನೂ ಅವರೇ ಎಸೆಯುತ್ತಿದ್ದರು. ಹೆಚ್ಚಾಗಿ ಗೆಳೆಯನೇ ಗೆಲ್ಲುತ್ತಿದ್ದ.

ಆ ವರ್ಷವೇ ಮಣಿಪಾಲದ ಒಂದು ಹೋಟೆಲಿನಲ್ಲಿ ಪ್ರೊಫೆಷನಲ್ ಡಾರ್ಟ್ಸ್ ಟೂರ್ನಮೆಂಟ್ ನಡೆಯಿತು. ಮುಂಬೈ, ಗೋವಾ, ಕೊಲ್ಕತ್ತಾದಿಂದ ಆಟಗಾರರು ಬರುವವರಿದ್ದರು. ಊರಿನವರಿಗೂ ಒಂದಿಷ್ಟು ಜಾಗವಿತ್ತು. ಮೊದಲ ಸುತ್ತು ಬದಿಯ ಬೋರ್ಡುಗಳಲ್ಲಿ, ಗೆದ್ದವರ ಆಟ ವೇದಿಕೆಯ ಮೇಲೆ. ವೇದಿಕೆಯ ಆಟ ಯೂಟ್ಯೂಬಿನಲ್ಲಿ ನೇರ ಪ್ರಸಾರ. ಇದನ್ನು ಪೇಪರಿನಲ್ಲಿ ಓದಿ ಹೇಳಿದವಳು ನಾನು.

"ಒಂದು ಸುತ್ತು ಗೆದ್ದರೆ ಸಾಕು ಟೀಚರ್. ಎಲ್ಲಿದ್ದರೂ ಅವ ಇದನ್ನು ನೋಡದೆ ಇರುವುದಿಲ್ಲ. ನೋಡಿದರೆ ಫೋನ್ ಮಾಡ್ತಾನೆ" ಎಂದರು.

ನಿಯಮ ಓದಿದಾಗ ಒಂದು ತೊಡಕು ಕಂಡಿತು. ಅಲ್ಲಿ ಸೊನ್ನೆಗೆ ಬಂದರಷ್ಟೇ ಸಾಲದು. ಕೊನೆಯ ಡಾರ್ಟು ಬೋರ್ಡಿನ ಅಂಚಿನಲ್ಲಿರುವ ಸಪೂರ ಉಂಗುರಕ್ಕೆ, ಅಂಕಿ ದುಪ್ಪಟ್ಟಾಗುವ ಜಾಗಕ್ಕೇ ಬೀಳಬೇಕು. ಇಪ್ಪತ್ತು ಉಳಿದರೆ ಹತ್ತರ ಉಂಗುರಕ್ಕೆ. ಇಲ್ಲದಿದ್ದರೆ ಆ ಸರದಿಯೇ ರದ್ದು. ಗಲ್ಫಿನಲ್ಲಿ ಊಟದ ಬಿಡುವು ಸಣ್ಣದು, ಇಂಥ ಶೋಕಿಗೆಲ್ಲ ಪುರುಸೊತ್ತಿರಲಿಲ್ಲ, ಹೇಗೆ ಸೊನ್ನೆಯಾದರೂ ಸರಿ ಎಂದು ಆಡಿದವರು ಇವರು. ಹಟ ಹಿಡಿದು ಹೊಸ ರೀತಿ ಅಭ್ಯಾಸ ಮಾಡಿದರು. ಉಂಗುರ ತಪ್ಪಿದ ಡಾರ್ಟುಗಳಿಂದ ಗೋಡೆಯೆಲ್ಲ ತೂತು. ನಾನು ಟೀಚರಿಕೆ ಬಿಡದೆ ದಿನವೂ ಕೇಳುತ್ತಿದ್ದೆ, ಮೂವತ್ತೆರಡು ಉಳಿದರೆ ಎಲ್ಲಿಗೆ, ಹದಿನೆಂಟು ಉಳಿದರೆ ಎಲ್ಲಿಗೆ ಎಂದು. ಬಾಯಿಪಾಠ ಒಪ್ಪಿಸುತ್ತಿದ್ದರು, ಪಾಪ.

ಟೂರ್ನಮೆಂಟಿನ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಉಳಿದವರ ಅಂಗಿಯ ಬೆನ್ನಿನಲ್ಲೆಲ್ಲ ಹೆಸರು, ಕಂಪನಿಗಳ ಮುದ್ರೆ. ಅವರಿಗೆ ಎದುರಾಳಿ ಮುಂಬೈಯ ಒಬ್ಬ ತರುಣ. ಮರ್ಯಾದಸ್ಥ, ಅಂಕಲ್ ಎಂದೇ ಕರೆಯುತ್ತಿದ್ದ. ಅವನಿಗೆ ಸರಿಸಮವಾಗಿ ಇವರು ಆಡಿದ್ದು ಕಂಡು ಜನ ಉಳಿದ ಬೋರ್ಡುಗಳನ್ನು ಬಿಟ್ಟು ಈ ಬದಿಗೆ ಬಂದು ನಿಂತರು. ಕೊನೆಯ ಆಟದಲ್ಲಿ ಇವರಿಗೆ ಉಳಿದದ್ದು ನಲವತ್ತು, ಕೈಯಲ್ಲಿ ಮೂರು ಡಾರ್ಟು. ಮೊದಲನೆಯದು ಇಪ್ಪತ್ತರ ಉಂಗುರಕ್ಕೆ ಗುರಿ ಇಟ್ಟದ್ದು, ಸ್ವಲ್ಪ ಒಳಗೆ, ಬರೀ ಇಪ್ಪತ್ತಕ್ಕೆ ಬಿತ್ತು. ಇಪ್ಪತ್ತು ಉಳಿಯಿತು. ಹತ್ತು, ಹತ್ತರ ಉಂಗುರ ಎಂದು ನಾನು ತುಟಿಯಲ್ಲೇ ಜಪಿಸುತ್ತಿದ್ದೆ. ಅವರು ಒಮ್ಮೆ ಉಸಿರೆಳೆದುಕೊಂಡರು. ಎಸೆದರು. ಮೊದಲ ಡಾರ್ಟಿನ ಪಕ್ಕಕ್ಕೇ, ಬರೀ ಇಪ್ಪತ್ತಕ್ಕೆ, ನೆಟ್ಟಗೆ...

"ದಿಂಜಿಂಡ್!" ಎಂದು ಕೂಗಿದರು. ಇಡೀ ಹಾಲ್ ತಿರುಗಿ ನೋಡಿತು. ಓಡಿಹೋಗಿ ಆ ತರುಣನ ಕೈ ಹಿಡಿದು ಕುಲುಕಿದರು. ಅವನೂ ಗಲಿಬಿಲಿಯಾಗಿ ಕುಲುಕಿದ. ಮೈಕಿನವನು ಸರದಿ ರದ್ದು ಎಂದ. ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಅರ್ಥವಾದ ಮೇಲೆ ಅವರೂ ನಕ್ಕರು. ಆ ನಗು ನನಗೆ ನೋಡಲಾಗಲಿಲ್ಲ. ತರುಣ ಬಂದು ತನ್ನ ಸರದಿಯಲ್ಲಿ ಆಟ ಮುಗಿಸಿದ.

ಮರಳುವಾಗ ಕಾಪುವಿನ ಬಸ್ಸು ಕಟಪಾಡಿ ದಾಟಿತು. ಆಮೇಲೆ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು.

"ಅವ ಇದ್ದಿದ್ದರೆ ಸರಿ ಅಂತ ಹೇಳ್ತಿದ್ದ ಟೀಚರ್."

ಆ ಕ್ಷಣವನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಎರಡೇ ದಿನದಲ್ಲಿ ಅದು ನಮ್ಮ ಟ್ಯೂಷನ್ನಿನ ವಾಟ್ಸಾಪ್ ಗುಂಪಿಗೂ ಬಂತು, ಹಲ್ಲು ಕಿರಿಯುವ ಮುಖಗಳ ಸಮೇತ. ನನಗೆ ಮೈ ಉರಿಯಿತು. ಆದರೆ ಬೈಯುವುದಕ್ಕಿಂತ ಉಪಯೋಗಕ್ಕೆ ಹಾಕುವುದು ಮೇಲು ಎನಿಸಿತು. ಅದರ ಕೆಳಗೆ, ಇವರು ಕಾರ್ಕಳದ ತಮ್ಮ ಗೆಳೆಯನನ್ನು ಹುಡುಕುತ್ತಿದ್ದಾರೆ, ದಯವಿಟ್ಟು ತಿಳಿಸಿ ಎಂದು ಬರೆದು, ನನ್ನ ನಂಬರು ಹಾಕಿ, ಗೊತ್ತಿದ್ದ ಗುಂಪುಗಳಿಗೆಲ್ಲ ಕಳಿಸಿದೆ. ಅವರಿಗೂ ಹೇಳಿದೆ. ಅಂದಿನಿಂದ ಅವರು ಗೆಳೆಯನ ಸರದಿಯನ್ನು ತಾವು ಎಸೆಯುವುದು ಬಿಟ್ಟರು. ಮೂರು ಪೆಟ್ಟು, ಆಮೇಲೆ ಉದ್ದನೆಯ ಮೌನ, ಮತ್ತೆ ಮೂರು. ಗೋಡೆಯ ಈಚೆ ನಾನೂ ಆ ಮೌನದಲ್ಲಿ ಫೋನು ನೋಡುತ್ತಾ ಕೂರುತ್ತಿದ್ದೆ.

ಮಳೆಗಾಲದ ನಡುವೆ ಎದೆನೋವೆಂದು ಉಡುಪಿಯ ಆಸ್ಪತ್ರೆಗೆ ಹೋದವರು ಮರಳಿ ಬರಲಿಲ್ಲ. ಬೋರ್ಡನ್ನೂ ಸಾಮಾನುಗಳನ್ನೂ ಮಟ್ಟುವಿನ ತಂಗಿಯ ಮನೆಯವರು ಬಂದು ಕೊಂಡುಹೋದರು.

ಫೋನು ಬಂದದ್ದು ಹೋದ ವಾರ. ಗೊತ್ತಿಲ್ಲದ ನಂಬರು. ಆದರೆ ಧ್ವನಿಯ ಗುರುತು ಒಂದೇ ಮಾತಿಗೆ ಸಿಕ್ಕಿತು, ಕಾರ್ಕಳದ ಗೆಳೆಯ. ಪುಣೆಯಲ್ಲಿದ್ದರಂತೆ. ಪ್ರಯಾಣದಲ್ಲಿ ಫೋನು ಕಳೆದುಹೋಗಿ ನಂಬರೆಲ್ಲ ಹೋಯಿತಂತೆ. ವೀಡಿಯೋ ಯಾರೋ ಈಗ ತೋರಿಸಿದರಂತೆ. ನನಗೆ ಬಾಯಿ ಹಾಕಲು ಬಿಡದೆ ನಗುತ್ತಾ ಹೇಳುತ್ತಲೇ ಹೋದರು.

"ಡಬಲ್ ಅಂತೆ ಡಬಲ್! ಇಪ್ಪತ್ತು ಉಳಿದರೆ ಇಪ್ಪತ್ತಕ್ಕೇ ಹೊಡೆಯುವುದಲ್ವಾ? ಅವನೇ ಗೆದ್ದದ್ದು ಮಾರಾಯ್ರೆ. ಅವನಿಗೆ ಫೋನ್ ಕೊಡಿ, ನಾನೇ ಹೇಳ್ತೇನೆ."

ಹೇಳಲೇಬೇಕಿತ್ತು, ಹೇಳಿದೆ. ಆ ಕಡೆ ಟಿವಿ ಆರಿಸಿದ್ದು ಕೇಳಿತು. ಆಮೇಲೆ ತುಂಬಾ ಮೆಲ್ಲಗೆ ಕೇಳಿದರು.

"ನಿಮಗೆ ಎಸೆಯಲಿಕ್ಕೆ ಬರ್ತದಾ ಟೀಚರ್?"

ಇಲ್ಲ ಎಂದೆ. ನನಗೆ ಬರುವುದು ಕಳೆಯುವುದೊಂದೇ.

"ಅಡ್ಡಿಲ್ಲ, ಅಡ್ಡಿಲ್ಲ" ಎಂದು ನನ್ನನ್ನೇ ಸಮಾಧಾನ ಮಾಡಿ ಅವರು ಫೋನಿಟ್ಟರು.